ತಡವಾದದ್ದು ನಿನ್ನ ಅಮ್ಮನಿಂದಲ್ಲ

ಚಿರಂಜೀವಿ ಮಂಜುನಾಥನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಉಳಿದ ವಿಷಯಗಳಿಗೆ ಆಮೇಲೆ ಉತ್ತರಿಸುತ್ತೇನೆ. 'ನಾಲ್ಕು ವರ್ಷ ಏಕೆ ಸುಮ್ಮನಿದ್ದೆ ಎಂದು ಎಲ್ಲರೆದುರು ಕೇಳಿದರೆ ಅಮ್ಮ ಏನು ಹೇಳಬೇಕು, ಅದಕ್ಕಿಂತ ಅಪ್ಪನ ಸಾವಿನ ಪರಿಹಾರಕ್ಕೆ ಅರ್ಜಿಯನ್ನೇ ಹಾಕದಿರುವುದು ಮೇಲಲ್ಲವೇ' ಎಂದು ಬರೆದಿದ್ದೀಯಲ್ಲ, ಆ ಒಂದು ಸಾಲು ಎರಡು ರಾತ್ರಿ ನನ್ನನ್ನು ಮಲಗಗೊಡಲಿಲ್ಲ.

ಆ ಪ್ರಶ್ನೆ ಬಂದೇ ಬರುತ್ತದೆ, ಇಲ್ಲವೆಂದು ಸುಳ್ಳು ಹೇಳಲಾರೆ. ಆದರೆ ಅದು ಅವಳನ್ನು ಹಳಿಯುವುದಕ್ಕೆ ಕೇಳುವ ಪ್ರಶ್ನೆಯಲ್ಲ. ನಿನ್ನ ಅಪ್ಪನ ಸಾವಿಗೆ ಅನ್ವಯಿಸುವ 1923ರ ನೌಕರರ ಪರಿಹಾರ ಕಾಯ್ದೆಯ 10ನೆಯ ಕಲಮು 2 ವರ್ಷಗಳ ಗಡುವು ಹಾಕುತ್ತದೆ, ನಿಜ. ತಡವಾದುದಕ್ಕೆ ಸಾಕಷ್ಟು ಕಾರಣವಿದೆಯೆಂದು, ಇಂಥ ಪರಿಹಾರದ ಅರ್ಜಿಗಳನ್ನು ವಿಚಾರಿಸುವ ಆಯುಕ್ತರಿಗೆ ಮನವರಿಕೆಯಾದರೆ ಗಡುವು ದಾಟಿದ ಅರ್ಜಿಯನ್ನೂ ಅವರು ತೆಗೆದುಕೊಳ್ಳಬಹುದೆಂದು ಹೇಳುವುದೂ ಅದೇ ಕಲಮು. ಆ ಕಾರಣ ತಿಳಿಯಲೆಂದೇ ಅವರು ಕೇಳುವುದು.

ಆ ಕಾರಣ ನಿನಗೆ ಗೊತ್ತಿಲ್ಲ, ಏಕೆಂದರೆ ನಾನು ಹೇಳಿಲ್ಲ. ನಿನ್ನ ಅಪ್ಪ ಹೋದ ಹದಿನೈದನೆಯ ದಿನ ಗುತ್ತಿಗೆದಾರ ಒಂದು ಲಕೋಟೆಯನ್ನೂ ಬರೆದು ತಂದಿದ್ದ ಕಾಗದವನ್ನೂ ಹಿಡಿದು ಬಂದ. ಅವಳ ಹೆಬ್ಬೆರಳಿಗೆ ಶಾಯಿ ಹಚ್ಚಿದವನು ನಾನು. ಕೈ ನಡುಗಿ ಗುರುತು ಕದಡಿಹೋಯಿತು. ಎರಡನೆಯ ಸಲ ನಾನೇ ಬೆರಳು ಹಿಡಿದು ಒತ್ತಿಸಿದೆ. ಉಳಿದ ಹಣವನ್ನು ತಾನೇ ತಂದುಕೊಡುತ್ತೇನೆ, ಕಚೇರಿ ಹತ್ತಿದರೆ ಅದೂ ಸಿಗುವುದಿಲ್ಲ ಎಂದ. ಅವನ ಬಳಿಯೇ ಹಾಜರಿ ಬರೆಯುತ್ತಿದ್ದ ನಾನು ನಂಬಿದೆ. ನಂಬುವುದು ನನ್ನ ಅನ್ನಕ್ಕೆ ಅನುಕೂಲವಾಗಿತ್ತು. ನಿನ್ನ ಅಮ್ಮ ಎರಡು ಬಾರಿ ಬಂದು ಕೇಳಿದಾಗ 'ಸ್ವಲ್ಪ ತಾಳಮ್ಮ' ಎಂದು ಹಿಂದಕ್ಕೆ ಕಳುಹಿಸಿದೆ. ಸಾವಿನ ಪರಿಹಾರವನ್ನು ಆಯುಕ್ತರಲ್ಲೇ ಠೇವಣಿ ಇಡಬೇಕು, ಮೂರು ತಿಂಗಳ ಸಂಬಳದವರೆಗಿನ ಮುಂಗಡವನ್ನು ಬಿಟ್ಟರೆ ಕೈಗೆ ಕೊಟ್ಟದ್ದು ಪರಿಹಾರದ ಲೆಕ್ಕಕ್ಕೆ ಬಾರದು ಎಂಬುದನ್ನು ನಾನು ಹೋಗಿ ವಿಚಾರಿಸುವ ಹೊತ್ತಿಗೆ ಗಡುವು ದಾಟಿತ್ತು. ವಿಚಾರಿಸಿದ ಮೇಲೂ ನಾಚಿಕೆಯಿಂದ ಬಾಯಿ ಬಿಡಲಿಲ್ಲ.

ಅವಳು ನಿನಗೂ ಹೇಳದೆ ಇದ್ದದ್ದು ನನ್ನ ಮರ್ಯಾದೆ ಕಾಯುವುದಕ್ಕೆ. ಅಲ್ಲಿಯೂ ಹಾಗೆಯೇ ತಲೆ ತಗ್ಗಿಸಿ ನಿಂತುಬಿಟ್ಟಾಳೋ ಎಂಬುದೇ ಈಗ ನನ್ನ ಭಯ.

ಬುದ್ಧಿ ಹೇಳುವ ಯೋಗ್ಯತೆ ನನಗೆ ಉಳಿದಿಲ್ಲ, ಆದರೂ ಕೇಳು. ವಿಳಂಬ ಮನ್ನಿಸಬೇಕೆಂಬ ಮನವಿಯನ್ನು, ನಡೆದದ್ದನ್ನು ಪ್ರಮಾಣ ಮಾಡಿ ಹೇಳುವ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಕೊಡಿ. ಕಾಯಿಲೆಯಿತ್ತೆಂದು ಬರೆಯೋಣ ಎಂದು ಯಾರಾದರೂ ಅಂದರೆ ಒಪ್ಪಬೇಡ, ನಡೆದದ್ದೇ ಸಾಕು. ಪ್ರತಿ ದಿನದ ತಡಕ್ಕೂ ಲೆಕ್ಕ ಕೊಡಬೇಕೆಂಬ ಮಾತನ್ನು ಅಕ್ಷರಶಃ ಹಿಡಿದು ಕೂರಬಾರದೆಂದು ಸುಪ್ರೀಂ ಕೋರ್ಟು 1987ರಲ್ಲಿ ಒಂದು ಭೂಸ್ವಾಧೀನದ ಮೊಕದ್ದಮೆಯಲ್ಲಿ ಹೇಳಿದೆಯೆಂದು ವಕೀಲರೊಬ್ಬರು ನನಗೆ ಓದಿ ತಿಳಿಸಿದರು. ವಕೀಲರ ಖರ್ಚಿಗೆ ಹೆದರಬೇಡ. ಕಾನೂನು ಸೇವಾ ಪ್ರಾಧಿಕಾರದವರು ಹೆಂಗಸರಿಗೆ ಆದಾಯ ನೋಡದೆ ಉಚಿತ ನೆರವು ಕೊಡುತ್ತಾರೆ. ಮರಣೋತ್ತರ ಪರೀಕ್ಷೆಯ ವರದಿ ಅವಳ ಟ್ರಂಕಿನಲ್ಲಿರಬೇಕು, ಹುಡುಕಿ ನೋಡು.

ಪ್ರಮಾಣಪತ್ರದಲ್ಲಿ ನನ್ನ ಹೆಸರನ್ನು ಬಿಡಬೇಡ. ತಡೆದವನು ಗಂಡನ ಅಣ್ಣ ಎಂದೇ ಬರೆಸು. ವಿಚಾರಣೆಯ ದಿನ ಗೊತ್ತಾದ ಕೂಡಲೇ ತಿಳಿಸು. ಅವಳನ್ನು ಆ ಪ್ರಶ್ನೆ ಕೇಳುವಾಗ ನಾನು ಅಲ್ಲಿದ್ದು ಸಾಕ್ಷಿ ಹೇಳುತ್ತೇನೆ.

ಇಂತು ನಿನ್ನ ದೊಡ್ಡಪ್ಪ