ಬೇಗ ಬಿಡುವ ಬಾಣಗಳಿಗೆ ಇನ್ನು ನಾಲ್ಕು ಗರಿ, ಸಡಿಲ ನಾಕ್

ನಮ್ಮಲ್ಲಿ ಬಿಲ್ಲು, ಬಾಣ ಕೊಳ್ಳುವ ಎಲ್ಲರಿಗೂ ನಮಸ್ಕಾರ.

ಬರುವ ತಿಂಗಳಿನಿಂದ ನಮ್ಮ ಬಿದಿರಿನ ಬಾಣಗಳಿಗೆ ಮೂರರ ಬದಲು ನಾಲ್ಕು ಗರಿ ಕಟ್ಟುತ್ತೇವೆ. ಟಕ್ಕೆಂದು ಕಚ್ಚಿಕೊಳ್ಳುವ ನಾಕ್ (ಬಾಣದ ಹಿಂತುದಿಯಲ್ಲಿ ಹೆದೆ ಕೂರುವ ಸೀಳು) ಬಿಟ್ಟು ಬಾಯಿ ಅಗಲವಾದ ಸಡಿಲ ನಾಕ್ ಹಾಕುತ್ತೇವೆ. ಬಾಣ ಕೂರಿಸುವ ಜಾಗ ತೋರಿಸಲು ಹೆದೆಯ ಮೇಲಿದ್ದ ಹಿತ್ತಾಳೆ ಉಂಗುರದ ಬದಲು ದಾರದ ಗಂಟು ಬರುತ್ತದೆ. ಕೈಕೆಲಸ ಹೆಚ್ಚಿರುವುದರಿಂದ ಬಾಣವೊಂದಕ್ಕೆ 30 ರೂಪಾಯಿ ಜಾಸ್ತಿಯಾಗುತ್ತದೆ.

ಒಲಿಂಪಿಕ್ ಮಾದರಿಯ ರೀಕರ್ವ್ ಬಿಲ್ಲಿನವರು ಇಲ್ಲಿಗೇ ಓದು ನಿಲ್ಲಿಸಬಹುದು. ಎದುರಾಳಿಯೊಡನೆ ಸರದಿಯಲ್ಲಿ ಹೊಡೆಯುವಾಗಲೂ ಅಲ್ಲಿ ಬಾಣಕ್ಕೆ 20 ಸೆಕೆಂಡ್ ಸಿಗುತ್ತದೆ. ನೋಡಿಕೊಂಡೇ ನಾಕ್ ಕೂರಿಸಬಹುದು. ಇದು ಕೈಯಲ್ಲೇ ನಾಲ್ಕಾರು ಬಾಣ ಹಿಡಿದು ಒಂದರ ಹಿಂದೊಂದು ಬಿಡುವವರಿಗೆ.

2015ರಲ್ಲಿ, ಹೀಗೆ ಬಾಣಗಳನ್ನು ಬಹಳ ವೇಗವಾಗಿ ಬಿಡುವ ಡೆನ್ಮಾರ್ಕಿನ ಲಾರ್ಸ್ ಆಂಡರ್ಸನ್ ಅವರ ವಿಡಿಯೊ ಜಗತ್ತೆಲ್ಲ ಸುತ್ತಿತು. ಅದನ್ನು ತೋರಿಸಿ 'ಇಂಥದ್ದೇ ಬಾಣ ಬೇಕು' ಎನ್ನುವವರು ಇವತ್ತಿಗೂ ಬರುತ್ತಾರೆ. ಹೆದೆಯನ್ನು ಪೂರ್ತಿ ಎಳೆಯದೆ ಬಿಡುವ ಆ ವೇಗ ನಮಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಅದು ಮರೆತುಹೋದ ವಿದ್ಯೆ ಎಂಬ ವಿಡಿಯೊದ ಮಾತೂ ಅಷ್ಟೇ: ಕೊರಿಯಾ, ಮಂಗೋಲಿಯಾ, ಜಪಾನಿನಲ್ಲಿ ಹೆಬ್ಬೆರಳಿನಿಂದ ಎಳೆಯುವುದು ನಿಂತದ್ದೇ ಇಲ್ಲ. ಆದರೆ ಬಾಣವನ್ನು ಬಿಲ್ಲಿನ ಯಾವ ಪಕ್ಕ ಇಡಬೇಕು ಎಂಬುದರಲ್ಲಿ ಆಂಡರ್ಸನ್ ಸರಿ. ಬಲಗೈಯ ಮೂರು ಬೆರಳಿನಿಂದ ಎಳೆಯುವವರು ಬಾಣವನ್ನು ಬಿಲ್ಲಿನ ಎಡಕ್ಕೆ ಇಡುತ್ತಾರೆ, ಅದಕ್ಕೆ ಬಾಣ ಬಿಲ್ಲನ್ನು ಸುತ್ತಿಕೊಂಡು ಹೋಗಬೇಕು. ಬಲಕ್ಕೆ ಇಟ್ಟರೆ ಕೈ ಇದ್ದಲ್ಲಿಂದ ನೇರ ಹೆದೆಗೆ. ಹೆಬ್ಬೆರಳಿನಿಂದ ಎಳೆದಾಗ ಮಣಿಕಟ್ಟಿನ ತಿರುವು ಬಾಣವನ್ನು ಆ ಪಕ್ಕಕ್ಕೇ ಒತ್ತಿ ಹಿಡಿಯುತ್ತದೆ.

ಏಕಲವ್ಯನ ಕತೆಯಲ್ಲೂ ಇದೇ ಲೆಕ್ಕ. ಬೊಗಳುವ ನಾಯಿಯ ಬಾಯಿಗೆ ಏಳು ಬಾಣ ತುಂಬಿದವನು, ಹೆಬ್ಬೆರಳು ಕೊಟ್ಟ ಮೇಲೆ ಉಳಿದ ಬೆರಳುಗಳಿಂದ ಬಿಟ್ಟನಂತೆ, ಆದರೆ ಮೊದಲಿನ ವೇಗ ಬರಲಿಲ್ಲ.

ಇನ್ನು ಗರಿಯ ವಿಷಯ. ಮೂರು ಗರಿಯ ಬಾಣದಲ್ಲಿ ಒಂದು ಗರಿ ಬಿಲ್ಲಿನಿಂದ ಹೊರಮುಖವಾಗಿರಲೇಬೇಕು. ತಲೆಕೆಳಗಾದರೆ ಅದೇ ಗರಿ ಬಿಲ್ಲಿಗೆ ತಾಗಿ ಬಾಣ ಅಡ್ಡ ಹೋಗುತ್ತದೆ. ನಾಲ್ಕಿದ್ದರೆ ನಾಕ್ ಯಾವ ಕಡೆಯಿಂದ ಕೂತರೂ ಒಂದೇ, ಕಣ್ಣು ಗುರಿಯ ಮೇಲೇ ಇರಬಹುದು. ಗರಿಯ ಉದ್ದವನ್ನು ನಾಲ್ಕು ಇಂಚಿನಿಂದ ಮೂರಕ್ಕೆ ಇಳಿಸಿದ್ದೇವೆ, ಹಾಗಾಗಿ ಗಾಳಿಯ ತಡೆ ಹೆಚ್ಚುಕಡಿಮೆ ಮೊದಲಿನಷ್ಟೇ. ಬಾಣ ನೇರ ಬಿಲ್ಲು ಹಿಡಿದ ಮುಷ್ಟಿಯ ಮೇಲಿಂದ ಹಾಯುವುದರಿಂದ ಗರಿಕಡ್ಡಿಯ ಮುಂದಿನ ತುದಿ ಹೆಬ್ಬೆರಳಿನ ಗೆಣ್ಣನ್ನು ಸೀಳುತ್ತದೆ ಎಂದು ಹಲವರು ಕೈ ತೋರಿಸಿದ್ದರು. ಈಗ ಆ ತುದಿಯನ್ನು ತೆಳ್ಳಗೆ ಕೆರೆದು, ಮೇಲೆ ರೇಷ್ಮೆ ದಾರ ಒತ್ತಾಗಿ ಸುತ್ತಿ ಅಂಟು ಸವರುತ್ತೇವೆ. ಉಗುರು ಎಳೆದರೂ ಎಲ್ಲೂ ಸಿಕ್ಕಬಾರದು. ಹಿತ್ತಾಳೆ ಬಿಟ್ಟದ್ದೂ ಇದಕ್ಕೇ, ಅದು ಹೆದೆ ಎಳೆಯಲು ಹೆಬ್ಬೆರಳಿಗೆ ಹಾಕುವ ಉಂಗುರಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಬಾಣವನ್ನು ಹೆದೆಯ ಮೇಲೆ ಜಾರಿಸಿ ದಾರದ ಗಂಟಿಗೆ ತಾಗಿಸಿದರೆ ಜಾಗ ಸಿಕ್ಕಂತೆ.

ಸಡಿಲ ನಾಕ್ ಬಗ್ಗೆ ಮಾತ್ರ ಎಚ್ಚರ. ಎಳೆಯುವಾಗ ಬಾಣ ಹೆದೆಯಿಂದ ಕಳಚಿ, ನೀವು ಹಾಗೇ ಕೈಬಿಟ್ಟರೆ ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ಬಡಿಯುತ್ತದೆ, ಬಿಲ್ಲು ಸೀಳಲೂಬಹುದು. ಬಾಣವನ್ನು ಹೆದೆಗೆ ಸಿಕ್ಕಿಸಿ ನೆಲದ ಕಡೆ ನೇತುಹಾಕಿ. ತಾನಾಗಿ ಬೀಳಬಾರದು, ಹೆದೆಗೆ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಬೀಳಬೇಕು. ತಟ್ಟುವ ಮೊದಲೇ ಬಿದ್ದರೆ ಹೆದೆಯ ನಡುವೆ ಇನ್ನೊಂದು ಸುತ್ತು ದಾರ ಬೇಕು. ಬಿಲ್ಲು ತಂದರೆ ಉಚಿತವಾಗಿ ಸುತ್ತಿಕೊಡುತ್ತೇವೆ.

ಮೂರು ಗರಿಯ ಹಳೆಯ ಬಾಣಗಳು ಮುಗಿಯುವವರೆಗೆ ಹಳೆಯ ಬೆಲೆಗೇ ಸಿಗುತ್ತವೆ. ಈಗಾಗಲೇ ಮುಂಗಡ ಕೊಟ್ಟವರು ಯಾವುದು ಬೇಕೆಂದು ಈ ವಾರದೊಳಗೆ ತಿಳಿಸಿ. ಎಡಗೈಯವರು ಅದನ್ನೂ ಹೇಳಿ, ದಾರದ ಗಂಟು ಕಟ್ಟುವ ಮೊದಲು ನಿಮ್ಮ ಅಳತೆ ತೆಗೆದುಕೊಳ್ಳುತ್ತೇವೆ.