ಮುಟ್ಟಾಟದಲ್ಲಿ ಔಟ್ ಯಾಕೆ ಬೇಕು?

ಸಂಪಾದಕರೇ,

ನಾನು ಶಿರಹಟ್ಟಿ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದರಿಂದ ಐದನೇ ತರಗತಿ, 38 ಮಕ್ಕಳು, ಇಬ್ಬರು ಶಿಕ್ಷಕರು. ಪಿ.ಟಿ. ಮಾಸ್ತರರು ಇಲ್ಲ. ಕನ್ನಡ ಕಲಿಸುವವಳೂ ನಾನೇ, ಸೀಟಿ ಊದುವವಳೂ ನಾನೇ.

ಹೋದ ವರ್ಷ ಒಂದು ದಿನ ಆಟದ ಪಿರಿಯಡ್‌ನಲ್ಲಿ ಸುಮ್ನೆ ವಾಚು ನೋಡುತ್ತಾ ನಿಂತೆ. ಮೂರನೇ ತರಗತಿಯ ಒಬ್ಬ ಹುಡುಗಿ, ಓಟ ಸ್ವಲ್ಪ ನಿಧಾನ. ಮುಟ್ಟಾಟ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ, ಔಟ್. ಬೇವಿನ ಗಿಡದ ಕೆಳಗೆ ಹೋಗಿ ಕೂತಳು. ಎರಡನೇ ಸಲವೂ ಅವಳೇ ಮೊದಲು ಔಟ್. 40 ನಿಮಿಷದ ಪಿರಿಯಡ್‌ನಲ್ಲಿ ಅವಳು ಓಡಿದ್ದು ಎಲ್ಲ ಸೇರಿ ಮೂರು ನಿಮಿಷ ಇದ್ದೀತು. ಉಳಿದ ಹೊತ್ತೆಲ್ಲ ಬೇವಿನ ಹಣ್ಣು ಆರಿಸಿ ಸಾಲಾಗಿ ಇಡುತ್ತಿದ್ದಳು. ಜೋರಾಗಿ ಓಡುವ ನಾಲ್ಕೈದು ಹುಡುಗರಿಗೆ ಮಾತ್ರ ಪಿರಿಯಡ್ ಪೂರ್ತಿ ಸಿಕ್ಕಿತು. ಓಟ ಯಾರಿಗೆ ಜಾಸ್ತಿ ಬೇಕೋ ಅವರನ್ನೇ ನಾನು ಕೂರಿಸಿದ್ದೆ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಹುಡುಗಿಗೆ ಸಿಕ್ಕಿದ್ದು ಮೂರು!

ಆವತ್ತಿನಿಂದ ನಮ್ಮ ಶಾಲೆಯಲ್ಲಿ ಔಟ್ ಇಲ್ಲ. ಬದಲಿಗೆ ಆಟಕ್ಕೆ ಒಂದೊಂದು ಕತೆ ಕಟ್ಟಿದೆವು. ಕತೆ ಇದ್ದರೆ ಸಿಕ್ಕಿಬಿದ್ದವರಿಗೂ ಮಾಡಲು ಏನಾದರೂ ಇರುತ್ತದೆ.

ಮಾಗಡಿ ಕೆರೆ ನಮಗೆ ಹತ್ತಿರ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವಲ್ಲ, 2024ರಲ್ಲಿ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿ ಸೇರಿತಲ್ಲ, ಅದೇ ಕೆರೆ. ಹಕ್ಕಿಗಳು ಕೆರೆಯಲ್ಲಿ ತಂಗುತ್ತವೆ, ಮೇಯಲು ಸುತ್ತಲಿನ ಹೊಲಕ್ಕೆ ಹೋಗುತ್ತವೆ. ಇದನ್ನೇ ಆಟ ಮಾಡಿದೆವು. ಮೈದಾನದ ಒಂದು ತುದಿ ಕೆರೆ, ಇನ್ನೊಂದು ತುದಿ ಶೇಂಗಾ ಹೊಲ, ನಡುವೆ ಆರು ನಾಯಿ. ನಾಯಿ ಮುಟ್ಟಿದರೆ ಹೆಬ್ಬಾತು ರೆಕ್ಕೆ ಬಿಚ್ಚಿ ಒಂಟಿಕಾಲಲ್ಲಿ ನಿಲ್ಲಬೇಕು. ಇನ್ನೊಂದು ಹೆಬ್ಬಾತು ಬಂದು ಎರಡೂ ಅಂಗೈ ತಟ್ಟಿದರೆ ಮತ್ತೆ ಹಾರಬಹುದು. ಎರಡೆರಡು ನಿಮಿಷಕ್ಕೆ ನಾಯಿಗಳು ಬದಲು. ಎರಡು ಸಲ ಸೀಟಿ ಊದಿದರೆ ಮಾರ್ಚ್ ಬಂತು ಅಂತ ಅರ್ಥ, ಎಲ್ಲರೂ ಹಿಮಾಲಯ ದಾಟಿ ಊರಿಗೆ ಹೋಗಬೇಕು. ನಮ್ಮ ಹಿಮಾಲಯ ಅಂದರೆ ಒಂದು ಸಾಲು ಹಳೇ ಸೈಕಲ್ ಟೈರು. ಹೆಬ್ಬಾತಿನ ತಲೆಯ ಮೇಲೆ ಎರಡು ಕಪ್ಪು ಗೆರೆ ಇರುತ್ತವೆ ಅಂತ ಹೇಳಿದ್ದೇ ತಪ್ಪಾಯಿತು. ಮರುದಿನ ಅರ್ಧ ಶಾಲೆ ಹಣೆಗೆ ಕಾಡಿಗೆ ಗೀಚಿಕೊಂಡು ಬಂದಿತ್ತು.

ತೋಳದ ಆಟವನ್ನು ನಾನು ಮೊದಲು ಕೆಟ್ಟದಾಗಿ ಕಟ್ಟಿದ್ದೆ. ತೋಳ ಎದುರಿಗೆ ನಿಲ್ಲುತ್ತಿತ್ತು, ಕುರಿಗಳು ಚೆಲ್ಲಾಪಿಲ್ಲಿ ಓಡುತ್ತಿದ್ದವು. ನಾಲ್ಕನೇ ತರಗತಿಯ ಒಬ್ಬ ಹುಡುಗನ ಮನೆಯವರು ಕಪ್ಪತಗುಡ್ಡದ ಕಡೆ ಕುರಿ ಮೇಯಿಸುತ್ತಾರೆ. ಅವನು ಪಾಠದಲ್ಲಿ ಬಾಯಿ ಬಿಡುವವನಲ್ಲ. ಆವತ್ತು ಸೊಂಟಕ್ಕೆ ಕೈ ಕೊಟ್ಟು ನಿಂತು ಹೇಳಿದ: "ಅಕ್ಕೋರ, ತೋಳ ಹಂಗ ಮುಂದಿನಿಂದ ಬರೂದಿಲ್ರಿ. ಹಿಂದ ಉಳಿದ ಮರಿ ನೋಡಿ ಹಿಡಿತೈತ್ರಿ. ಕುರಿ ಚದುರಬಾರದ್ರಿ." ಆಟವನ್ನು ಅವನೇ ಸರಿ ಮಾಡಿದ. ಈಗ ಆರೇಳು ಮಕ್ಕಳು ಒಬ್ಬರ ಸೊಂಟ ಒಬ್ಬರು ಹಿಡಿದು ಸಾಲಾಗುತ್ತಾರೆ. ಮುಂದಿನವನು ಕುರಿಗಾರ, ಕೈ ಅಗಲಿಸಿ ತೋಳವನ್ನು ತಡೆಯುತ್ತಾನೆ. ತೋಳ ಕೊನೆಯ ಮರಿಯನ್ನು ಮುಟ್ಟಬೇಕು. ಮುಟ್ಟಿಸಿಕೊಂಡ ಮರಿ ಸಾಲಿನ ಮುಂದಕ್ಕೆ ಬಂದು ತಾನೇ ಕುರಿಗಾರ ಆಗುತ್ತದೆ. ಓಟ ನಿಧಾನ ಇದ್ದರೂ ಇಲ್ಲಿ ನಡೆಯುತ್ತದೆ, ಹಿಡಿತ ಬಿಡಬಾರದು ಅಷ್ಟೇ. ಬೇವಿನ ಗಿಡದ ಹುಡುಗಿಯ ಹಿಡಿತ ಬಲು ಗಟ್ಟಿ. ಅವಳು ನಡುವೆ ಇದ್ದರೆ ಸಾಲು ಹರಿಯುವುದೇ ಇಲ್ಲ.

ಸೊಳ್ಳೆ ಆಟವೂ ಇದೆ. ಸೊಳ್ಳೆ ಕಚ್ಚಿದವರು ಜ್ವರ ಬಂದು ನಡುಗುತ್ತಾ ನಿಲ್ಲಬೇಕು, ಇಬ್ಬರು ಬಂದು ಸುತ್ತ ಕೈ ಕಟ್ಟಿ ಸೊಳ್ಳೆ ಪರದೆಯಾದರೆ ಬಿಡುಗಡೆ. ಡೆಂಗಿ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ನಿಂತ ನೀರಲ್ಲಿ ಮೊಟ್ಟೆ ಇಡುತ್ತದೆ ಅಂತ ಜೊತೆಗೇ ಹೇಳಿಕೊಟ್ಟೆ. ಒಬ್ಬ ಹುಡುಗ ಮನೆಗೆ ಹೋಗಿ ಕುಡಿಯುವ ನೀರಿನ ಹರವಿಯನ್ನೇ ಬೋರಲು ಹಾಕಿ ಬೈಸಿಕೊಂಡ.

ಎಡವಿದ್ದೂ ಉಂಟು. ಮೊದಲ ವಾರ ಕಾಂಪೌಂಡ್ ಗೋಡೆಯನ್ನೇ ಕೆರೆ ದಂಡೆ ಮಾಡಿದ್ದೆ. ಓಡಿ ಬಂದ ಮಗುವಿಗೆ ನಿಲ್ಲಲು ಆಗದೆ ಗೋಡೆಗೆ ಬಡಿದು ಮುಂಗೈ ಊದಿತು. ಅವರಪ್ಪ ಬಂದು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಈಗ ಗೋಡೆಗಿಂತ ಐದು ಹೆಜ್ಜೆ ಮೊದಲೇ ಸುಣ್ಣದ ಗೆರೆ. ಮುಟ್ಟುವುದು ಭುಜ ಇಲ್ಲವೇ ಬೆನ್ನು, ಅದೂ ಅಂಗೈಯಿಂದ. ಅಂಗಿ ಜಗ್ಗಿದರೆ ನಾಯಿ ಕೆಲಸ ಹೋಯಿತು. ಕಳ್ಳ-ಪೊಲೀಸ್ ಆಡಿಸುವುದನ್ನೂ ಬಿಟ್ಟೆ. ಪ್ರತಿ ಸಲ ಒಬ್ಬನನ್ನೇ ಕಳ್ಳ ಮಾಡುತ್ತಿದ್ದರು. ಆ ಹೆಸರು ಮೈದಾನದಲ್ಲಿ ನಿಲ್ಲದೆ ತರಗತಿಯೊಳಗೂ ಬಂತು.

"ಇದೆಲ್ಲ ಹುಡುಗಾಟ ಬಿಡ್ರಿ, ಖೊಖೊ ಕಲಸ್ರಿ, ವಲಯ ಮಟ್ಟಕ್ಕ ಹೋಗ್ತಾರ" ಅಂದರು ಒಬ್ಬ ಹಿರಿಯ ಶಿಕ್ಷಕರು. ಖೊಖೊ ನನಗೂ ಇಷ್ಟ. 2025ರ ಜನವರಿಯಲ್ಲಿ ದಿಲ್ಲಿಯ ಮೊದಲ ವಿಶ್ವಕಪ್ಪನ್ನು ನಮ್ಮ ಗಂಡಸರ ತಂಡ, ಹೆಂಗಸರ ತಂಡ ಎರಡೂ ಗೆದ್ದಾಗ ನಾವೂ ಚಪ್ಪಾಳೆ ಹೊಡೆದೆವು. ಆದರೆ ಲೆಕ್ಕ ನೋಡಿ. ಊರಲ್ಲಿ ಆಡುವ ಖೊಖೊದಲ್ಲಿ ಎಂಟು ಜನ ಕೂತಿರುತ್ತಾರೆ, ಒಬ್ಬ ಅಟ್ಟುತ್ತಾನೆ, ಮೂವರು ಓಡುತ್ತಾರೆ. ನಮ್ಮ 38 ಮಕ್ಕಳಲ್ಲಿ ಒಂದು ಹೊತ್ತಿಗೆ ಓಡುವವರು ನಾಲ್ವರು. ಉಳಿದ 26 ಮಕ್ಕಳು ಗೆರೆ ಆಚೆ. ಆರೇಳು ವರ್ಷದ ಮಗುವಿಗೆ ಸರದಿ ಕಾಯುವ ಆಟ ಬೇಡ. ಐದನೇ ತರಗತಿ ದಾಟಲಿ, ಖೊಖೊ ಎಲ್ಲಿ ಓಡಿಹೋಗುತ್ತದೆ?

ಇಲಾಖೆಗೆ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಅಂತ ಬರುವುದು ಆರರಿಂದ ಎಂಟನೇ ತರಗತಿಗೆ, ಅದೂ ಮಕ್ಕಳು ನೂರಕ್ಕಿಂತ ಜಾಸ್ತಿ ಇದ್ದರೆ. ನಮ್ಮಂಥ ಸಣ್ಣ ಶಾಲೆಗೆ ಪಿ.ಟಿ. ಮಾಸ್ತರರು ಬರುವ ಆಸೆ ನನಗಿಲ್ಲ. ವರ್ಷಕ್ಕೆ ಎರಡು ದಿನ ನಮಗೇ ಆಟ ಆಡಿಸುವ ತರಬೇತಿ ಕೊಡಿ. ಹಾಲ್‌ನಲ್ಲಿ ಪರದೆ ಮೇಲೆ ತೋರಿಸುವುದು ಬೇಡ. ಮೈದಾನಕ್ಕೆ ಇಳಿಸಿ, ನಮ್ಮನ್ನೇ ಓಡಿಸಿ. ಪರೀಕ್ಷೆ ಹತ್ತಿರ ಬಂತು ಅಂತ ಆಟದ ಪಿರಿಯಡ್ಡನ್ನು ಗಣಿತಕ್ಕೆ ಕೊಡುವುದೂ ನಿಲ್ಲಲಿ. ಹಾಗೆ ಕೊಟ್ಟವರಲ್ಲಿ ನಾನೂ ಒಬ್ಬಳು.

ಇನ್ನು ಓದುಗ ಶಿಕ್ಷಕರಲ್ಲಿ ಒಂದು ಕೇಳಿಕೆ. ನಮ್ಮದು ಎರೆ ನೆಲ. ಮಳೆ ಹತ್ತಿದರೆ ಒಂದೊಂದು ಕಾಲಿಗೆ ಕಿಲೋ ಮಣ್ಣು ಮೆತ್ತುತ್ತದೆ, ವಾರಗಟ್ಟಲೆ ಮೈದಾನಕ್ಕೆ ಇಳಿಯಲು ಆಗುವುದಿಲ್ಲ. ಇರುವುದು ಒಂದು ಉದ್ದನೆಯ ಪಡಸಾಲೆ, ನಡುವೆ ನಾಲ್ಕು ಕಂಬ. ಅಷ್ಟರಲ್ಲಿ 38 ಮಕ್ಕಳನ್ನು ಯಾರ ತಲೆಯೂ ಕಂಬಕ್ಕೆ ಬಡಿಯದ ಹಾಗೆ ಆಡಿಸುವ ಮುಟ್ಟಾಟ ಯಾರಿಗಾದರೂ ಗೊತ್ತಿದ್ದರೆ ಈ ಅಂಕಣಕ್ಕೇ ಬರೆಯಿರಿ. ಜೂನ್‌ಗೆ ಮೊದಲು ಬಂದರೆ ಒಳ್ಳೆಯದು.

– ಒಬ್ಬ ಶಿಕ್ಷಕಿ, ಶಿರಹಟ್ಟಿ ತಾಲ್ಲೂಕು, ಗದಗ ಜಿಲ್ಲೆ