ಮೆಲಟೋನಿನ್ ಮಾತ್ರೆ: ನೈಟ್ ಶಿಫ್ಟ್ ಗೆಳೆಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಿದ್ದೆಗಾಗಿ ನುಂಗುವ ಮೆಲಟೋನಿನ್ ಮಾತ್ರೆ ತಗೊಂಡರೆ ಗಂಡಸುತನವೇ ಹೋಗುತ್ತದೆ ಎನ್ನುವ ಫಾರ್ವರ್ಡ್ ಗುಂಪಿನಲ್ಲಿ ಓಡಾಡುತ್ತಿದೆ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿ ಬಿಡುವ ಹಾರ್ಮೋನು ಇದು. ಕೆಲವು ಪ್ರಾಣಿಗಳಲ್ಲಿ ಇದಕ್ಕೂ ಸಂತಾನಕ್ಕೂ ನೇರ ನಂಟಿದೆ. ಚಳಿಗಾಲದ ಉದ್ದ ರಾತ್ರಿಗಳಲ್ಲಿ ಹ್ಯಾಮ್‌ಸ್ಟರ್‌ನ ವೃಷಣ ಕುಗ್ಗಿಯೇ ಹೋಗುತ್ತದೆ. ಮನುಷ್ಯರಿಗೆ ಹಾಗೆ ಬೆದೆಯ ಕಾಲ ಅಂತಿಲ್ಲ, ಅಲ್ವಾ? ಆದರೂ 2002ರ ಒಂದು ಚಿಕ್ಕ ಅಧ್ಯಯನದಲ್ಲಿ ದಿನಾ 3 ಮಿಲಿಗ್ರಾಂ ತಗೊಂಡ 8 ಗಂಡಸರ ಪೈಕಿ ಇಬ್ಬರಲ್ಲಿ ವೀರ್ಯಾಣು ಕಡಿಮೆಯಾಗಿತ್ತು. ಎಂಟೇ ಜನ, ಅಷ್ಟರಿಂದ ತೀರ್ಮಾನಕ್ಕೆ ಬರೋದಕ್ಕಾಗಲ್ಲ. ಆದರೆ ಮಗುವಿಗಾಗಿ ಕಾಯುತ್ತಿರುವವರು ಡಾಕ್ಟರನ್ನು ಕೇಳದೆ ಸುಮ್ನೆ ನುಂಗಬೇಡಿ.

ನನಗೆ ಜಾಸ್ತಿ ಚಿಂತೆ ಇರುವುದು ಮಾತ್ರೆಯದ್ದಲ್ಲ, ನಮ್ಮ ನಿದ್ದೆಯದ್ದು. ಗಂಡಸರ ಮುಖ್ಯ ಲೈಂಗಿಕ ಹಾರ್ಮೋನು ಟೆಸ್ಟೋಸ್ಟೆರಾನ್ ಏರುವುದೇ ನಿದ್ದೆಯಲ್ಲಿ. ಏಳುವ ಹೊತ್ತಿಗೆ ಅದು ತುದಿ ಮುಟ್ಟಿರುತ್ತದೆ. 2011ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದವರು 10 ಜನ ಆರೋಗ್ಯವಂತ ಯುವಕರಿಗೆ ಒಂದು ವಾರ ರಾತ್ರಿ 5 ಗಂಟೆ ಮಾತ್ರ ಮಲಗಲು ಬಿಟ್ಟರು. ಹಗಲಿನ ಟೆಸ್ಟೋಸ್ಟೆರಾನ್ ಶೇ. 10ರಿಂದ 15ರಷ್ಟು ಇಳಿಯಿತು. ನಮ್ಮಲ್ಲಿ ಎಷ್ಟು ಜನ ಇದಕ್ಕಿಂತ ಕಡಿಮೆ ಮಲಗುತ್ತೇವೆ, ಯೋಚಿಸಿ.

ಇನ್ನು ರಕ್ತ ಪರೀಕ್ಷೆ. ಟೆಸ್ಟೋಸ್ಟೆರಾನ್ ಪರೀಕ್ಷೆಯನ್ನು ಸಾಮಾನ್ಯವಾಗಿ ಬೆಳಗ್ಗೆ, ಖಾಲಿ ಹೊಟ್ಟೆಯಲ್ಲಿ ಮಾಡಿಸುತ್ತಾರೆ. ಇಡೀ ರಾತ್ರಿ ಡ್ಯೂಟಿ ಮಾಡಿ ನೇರ ಲ್ಯಾಬಿಗೆ ಹೋಗಬೇಡಿ. ನಿಮ್ಮ ಶಿಫ್ಟ್ ಯಾವುದು, ಯಾವಾಗ ಮಲಗುತ್ತೀರಿ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಹೊತ್ತು ಅವರೇ ಹೇಳಲಿ. ಒಂದು ರಿಪೋರ್ಟಿನಲ್ಲಿ ಕಡಿಮೆ ಬಂತು ಅಂತ ಗಾಬರಿ ಬೀಳಬೇಡಿ. ಇನ್ನೊಂದು ದಿನ ಮತ್ತೆ ಮಾಡಿಸಿಯೇ ಖಚಿತಪಡಿಸಿಕೊಳ್ಳುವುದು. ರಿಪೋರ್ಟಿನ ಫೋಟೊ ಗುಂಪಿಗೆ ಹಾಕಬೇಡಿ, ಡಾಕ್ಟರಿಗೆ ತೋರಿಸಿ.